ನಾಲ್ಕನೆಯ ಮೆಟ್ಟಿಲಿನ ಉತ್ತರ

ಮೈಂದರ್ಗಿ
12 ನವೆಂಬರ್ 2024

ತಮ್ಮ ಸಿದ್ದು,

ಜೇಬಿನಲ್ಲಿ ಫೋನ್ ಇಟ್ಟುಕೊಂಡು ತಿರುಗುವ ತಮ್ಮನಿಗೆ ಅಕ್ಕ ಕಾಗದ ಬರೆದಿದ್ದಾಳೆ ಎಂದು ನೀನು ನಗುತ್ತೀ. ನಗು, ಆದರೆ ಓದಿ ಮುಗಿಸಿ ನಗು.

ನಮ್ಮದು ಒಂದೇ ಕೋಣೆಯ ಮನೆ ಎಂಬುದು ನಿನಗೆ ಗೊತ್ತು. ನಿನ್ನ ದಾಜಿ ಮಲಗುವ ಮಂಚದಿಂದ ಕೈ ಚಾಚಿದರೆ ನನ್ನ ಹೊಲಿಗೆ ಮಷೀನು ಸಿಗುತ್ತದೆ. ನೀನು ಫೋನ್ ಮಾಡಿ "ದಾಜಿ ಹ್ಯಾಂಗದಾರ?" ಎಂದಾಗಲೆಲ್ಲ ನಾನು "ಅರಾಮ ಅದಾರ" ಎಂದು ಫೋನ್ ಇಡುವುದು ಅದಕ್ಕೇ. ಗಂಡನ ಎದುರಿಗೇ ಕೂತು, ಗಂಡನ ತಲೆ ನೆಟ್ಟಗಿದೆಯೋ ಇಲ್ಲವೋ ಎಂದು ಇನ್ನೊಬ್ಬರ ಜೊತೆ ಮಾತಾಡುವುದು ನನ್ನಿಂದಾಗದು. ಹೊರಗೆ ಹೋದರೆ ಓಣಿಗೆಲ್ಲ ಕೇಳುತ್ತದೆ, ಮೇಲೆ ನಾನು ಒಳಗೆ ಬರುವವರೆಗೂ ಇವರು ಬಾಗಿಲನ್ನೇ ನೋಡುತ್ತಿರುತ್ತಾರೆ. ಕಾಗದವಾದರೆ ಯಾರದೋ ಬ್ಲೌಜಿನ ಅಳತೆ ಬರೆಯುತ್ತಿದ್ದಾಳೆ ಎಂದುಕೊಳ್ಳುತ್ತಾರೆ. ಇದನ್ನು ಸೋಲಾಪುರ ಗಾಡಿಯ ಸಾತಲಿಂಗಪ್ಪ ಅಣ್ಣನ ಕೈಗೆ ಕೊಡುತ್ತೇನೆ. ಇವರ ಜೊತೆ ಎಸ್‌ಟಿ ಬಸ್ಸಿನಲ್ಲಿ ಟಿಕೆಟ್ ಹರಿದ ಮನುಷ್ಯ, ನಮ್ಮ ಮನೆಯ ಕಾಗದ ಎಂದರೆ ಎದೆಯ ಜೇಬಿನಲ್ಲಿ ಇಟ್ಟುಕೊಂಡು ಒಯ್ಯುತ್ತಾನೆ.

ಈಗ ವಿಷಯ. ದಸರೆಯಲ್ಲಿ ಲಕ್ವಾ ಹೊಡೆದಾಗ ಬಲಗೈ, ಬಲಗಾಲು ಹೋದವು. ಕಾಲು ಒಂದಿಷ್ಟು ಬಂದಿದೆ, ಹಿಡಿದುಕೊಂಡರೆ ನಾಲ್ಕು ಹೆಜ್ಜೆ ಇಡುತ್ತಾರೆ. ಮಾತು ಬಂದಿಲ್ಲ. "ಹ್ಞೂಂ" ಒಂದೇ ಉಳಿದಿದೆ. ಚಹಾ ಬೇಕೇನ್ರಿ ಎಂದರೂ ಹ್ಞೂಂ, ಬ್ಯಾಡೇನ್ರಿ ಎಂದರೂ ಹ್ಞೂಂ. ಡಾಕ್ಟರು ನಿನ್ನ ಮುಂದೆಯೇ ಬೇಕಂತಲೇ ತಪ್ಪು ಹೆಸರು ಹಿಡಿದು "ನಿಮ್ಮ ಹೆಸರು ನಾಮದೇವನೇ?" ಎಂದು ಕೇಳಿದರಂತಲ್ಲ, ಅದಕ್ಕೂ ತಲೆಯಾಡಿಸಿದರಂತೆ. ಆ ಡಾಕ್ಟರು ಆಮೇಲೆ ನಿನ್ನನ್ನು ಬದಿಗೆ ಕರೆದು ಏನು ಹೇಳಿದರು? ನೀನು ನನಗೆ ಹೇಳಲಿಲ್ಲ.

ಫೆಬ್ರುವರಿ ಹದಿನಾರಕ್ಕೆ ಅಕ್ಕಲಕೋಟದಲ್ಲಿ ಮಗಳು ಮಯೂರಿಯ ಲಗ್ನದ ಅಕ್ಕಿಕಾಳು. ಹುಡುಗ ಪ್ರಸಾದ ದುಧನಿಯವನು, ಪುಣೆಯಲ್ಲಿ ಅವಳ ಬ್ಯಾಂಕಿನಲ್ಲೇ ಇದ್ದಾನೆ, ಒಳ್ಳೆಯವನು. ಆ ಚಿಂತೆ ಇಲ್ಲ. ಆದರೆ ಹೋದ ವಾರ ನನ್ನ ಮೈದುನ ಸೋಮೇಶ ಬಂದು ಇವರ ಮಂಚದ ಮೇಲೆಯೇ ಕೂತು, "ವೈನಿ, ಧಾರಿ ಎರಿಲಿಕ್ಕ ನಾನೂ ಕಾಂಚನಾನೂ ಕೂಡತೀವಿ. ಅಣ್ಣಗ ಏನ್ ತಿಳೀತದ ಪಾಪ, ಎಲ್ಲಾದಕ್ಕೂ ಹ್ಞೂಂ ಅಂತಾನ" ಎಂದ. ಇವರು ಅದಕ್ಕೂ ಹ್ಞೂಂ ಎಂದರು.

ಸಿದ್ದು, ಇವರಿಗೆ ನಿಜಕ್ಕೂ ತಿಳಿಯುವುದಿಲ್ಲ ಎಂದಾದರೆ ಸೋಮೇಶ ಹೇಳಿದ್ದೇ ಸರಿ. ತಿಳಿಯದವರನ್ನು ನಾಲ್ಕು ಮಂದಿಯ ಎದುರು ಕೂರಿಸಿ ನಾನು ನಗೆಪಾಟಲು ಮಾಡಲಾರೆ. ಆದರೆ ತಿಳಿಯುತ್ತದೆ ಎಂದಾದರೆ? ಹೆತ್ತ ಮಗಳ ಧಾರೆಯನ್ನು ಬೇರೆಯವರು ಎರೆಯುವುದನ್ನು ಕುರ್ಚಿಯಲ್ಲಿ ಕೂತು ನೋಡಿ ಹ್ಞೂಂ ಎನ್ನಬೇಕೇ? ಇವರು ಒಳಗೆ ಇದ್ದಾರೋ ಇಲ್ಲವೋ ಅದೊಂದು ನನಗೆ ಗೊತ್ತಾಗಬೇಕು.

ಮಯೂರಿ ಚಿಕ್ಕವಳಿದ್ದಾಗ ಟಿವಿಯಲ್ಲಿ 'ಸವಾಲ್ ಸಿಂಹಾಸನ್' ಬರುತ್ತಿತ್ತು, ಸರಿ ಉತ್ತರ ಹೇಳಿದಂತೆ ಒಂದೊಂದೇ ಮೆಟ್ಟಿಲು ಹತ್ತಿ ಸಿಂಹಾಸನದ ಮೇಲೆ ಕೂರುವ ಕಾರ್ಯಕ್ರಮ. ಅದರಲ್ಲಿ ಕೂರಬೇಕೆಂದು ಇವರು ಎಸ್‌ಟಿಡಿ ಬೂತಿನಿಂದ ಫೋನ್ ಹಚ್ಚಿ ಹಚ್ಚಿ ಸೋತರು. ಆಮೇಲೆ ಅದೇ ಆಟದ ಕ್ಯಾಸೆಟ್ ನಿನ್ನ ರೇಡಿಯೋ ರಿಪೇರಿ ಅಂಗಡಿಗೆ ಬಂತು. ಸೋಲಾಪುರದಲ್ಲಿ ಗಾಡಿಯ ರಾತ್ರಿ ವಸ್ತಿ ಬಿದ್ದ ದಿನವೆಲ್ಲ ನಿನ್ನ ಅಂಗಡಿಯ ಟಿವಿ ಗೇಮಿನ ಮುಂದೆ ಕೂರುತ್ತಿದ್ದರಲ್ಲ? ಮೊನ್ನೆ ಟಿವಿಯಲ್ಲಿ ಯಾವುದೋ ಪ್ರಶ್ನೆ ಕೇಳುವ ಕಾರ್ಯಕ್ರಮ ಹತ್ತಿತು. ಇವರ ಎಡಗೈಯ ಹೆಬ್ಬೆರಳು ಚಾದರದ ಮೇಲೆ ಒತ್ತಿತು. ನಾನು ಕಣ್ಣಾರೆ ಕಂಡೆ. ಆ ಆಟ ಇನ್ನೂ ಇದ್ದರೆ ಕಳಿಸು.

ನಿನ್ನ ಅಕ್ಕ,
ನೀಲಗಂಗಾ

ಸೋಲಾಪುರ
20 ನವೆಂಬರ್ 2024

ಅಕ್ಕಾ,

ನಮಸ್ಕಾರ. ಏಳನೇ ಇಯತ್ತೆ ಮುಗಿಸಿ ಮರಾಠಿ ಸಾಲೆಗೆ ಹೋದ ಮೇಲೆ ಕನ್ನಡದಲ್ಲಿ ನಾನು ಬರೆದದ್ದು ಅಂಗಡಿಯ ಬೋರ್ಡು ಮಾತ್ರ, ಅದನ್ನೂ ಪೇಂಟರ್ ತಿದ್ದಿದ. ಅಕ್ಷರ ನೋಡಿ ನಗಬೇಡ.

ಆಟ ಸಿಕ್ಕಿತು. ಅಟ್ಟದ ಮೇಲೆ ಗೋಣಿಚೀಲದಲ್ಲಿ, ಹಳೆಯ ರೇಡಿಯೋಗಳ ಅಡಿಯಲ್ಲಿ ಇತ್ತು. ಬಿಳಿ ಡಬ್ಬಿ ಈಗ ಹಳದಿಯಾಗಿದೆ. ಸವಾಲ್ ಸಿಂಹಾಸನದ ಕ್ಯಾಸೆಟ್ ಕೂಡ ಇದೆ, ಅದರ ಮೇಲಿನ ರಾಜನ ಚಿತ್ರವನ್ನು ಜಿರಳೆ ತಿಂದಿದೆ. ಈಗ ನವೀ ಪೇಠದ ಅಂಗಡಿಗಳಲ್ಲಿ ಇಂಥ ಆಟ ಕೇಳಿದರೆ ಹುಡುಗರು ಮ್ಯೂಜಿಯಮ್ಮಿಗೆ ಹೋಗಿ ಅನ್ನುತ್ತಾರೆ. ಅಡಾಪ್ಟರ್ ಸುಟ್ಟಿದೆ. ನಿಮ್ಮ ಹೊಸ ಟಿವಿಗೆ ಜೋಡಿಸುವ ವಯರು ಸಿಗುತ್ತಿಲ್ಲ. ಸ್ವಲ್ಪ ತಡೆ.

ಡಾಕ್ಟರು ವಿಶೇಷವೇನೂ ಹೇಳಲಿಲ್ಲ. ಗುಳಿಗೆ ತಪ್ಪಿಸಬೇಡಿ ಎಂದರು, ಅಷ್ಟೇ.

ಸೋಮೇಶನ ಮೇಲೆ ಸಿಟ್ಟಾಗಬೇಡ ಅಕ್ಕಾ. ಅವನು ಕೆಟ್ಟವನಲ್ಲ. ದವಾಖಾನೆಯಲ್ಲಿ ತನ್ನ ಅಣ್ಣನ ಹಾಸಿಗೆಯ ಪಕ್ಕದಲ್ಲಿ ಕೂತು ಅತ್ತವನು ಅವನೇ. ಮದುವೆ ಎಂದಮೇಲೆ ಯಾರೋ ಒಬ್ಬರು ಮುಂದೆ ನಿಲ್ಲಬೇಕಲ್ಲ. ನೀನು ಈ ಆಟದ ಮೇಲೆ ಬಹಳ ಭಾರ ಹಾಕಬೇಡ. ಇದು ಹುಡುಗರ ಆಟದ ಸಾಮಾನು.

ನಿನ್ನ ತಮ್ಮ,
ಸಿದ್ದು

ಮೈಂದರ್ಗಿ
8 ಡಿಸೆಂಬರ್ 2024

ಸಿದ್ದು,

ಸೋಲಾಪುರದಂಥ ಶಹರದಲ್ಲಿ ಒಂದು ವಯರು ಸಿಗಲಿಲ್ಲವೇ? ನೀನು ಅಂಗಡಿ ಇಟ್ಟದ್ದು ಯಾತಕ್ಕೆ?

ಸೋಮೇಶ ಲಗ್ನಪತ್ರಿಕೆಯ ಮಜಕೂರು ಬರೆದು ತಂದಿದ್ದ. ಇವರ ಹೆಸರಿನ ಕೆಳಗೆ ದೊಡ್ಡ ಅಕ್ಷರದಲ್ಲಿ ತನ್ನದೂ ಹೆಂಡತಿ ಕಾಂಚನಾಳದೂ ಹೆಸರು. ಓದಿ ಹೇಳಿದ. ಇವರು ಹ್ಞೂಂ ಎಂದು ಗೋಡೆಯ ಕಡೆಗೆ ಹೊರಳಿದರು. ಮಗ್ಗುಲು ಬದಲಿಸಿದರೋ ಮುಖ ತಿರುಗಿಸಿದರೋ ನೀನೇ ಹೇಳು. ನನಗೆ ಹೇಳಲಾಗುತ್ತಿಲ್ಲ.

ಕಳಿಸುವುದಿದ್ದರೆ ಕಳಿಸು, ಇಲ್ಲದಿದ್ದರೆ ಇಲ್ಲ ಎಂದಾದರೂ ಬರೆ.

ನೀಲಗಂಗಾ

ಸೋಲಾಪುರ
11 ಡಿಸೆಂಬರ್ 2024

ಅಕ್ಕಾ,

ಸಿಟ್ಟು ಬೇಡ, ಸಾತಲಿಂಗಪ್ಪ ಅಣ್ಣನ ಗಾಡಿಯಲ್ಲಿ ಡಬ್ಬಿ ಬರುತ್ತಿದೆ. ಹಳದಿ ಪಿನ್ನನ್ನು ಟಿವಿಯ ಹಳದಿ ತೂತಿಗೆ, ಬಿಳಿಯದನ್ನು ಬಿಳಿಯದಕ್ಕೆ ಹಾಕು. ಕ್ಯಾಸೆಟ್ ಕೂರದಿದ್ದರೆ ತೆಗೆದು ಬುಡಕ್ಕೆ ಒಮ್ಮೆ ಬಾಯಿಂದ ಊದು. ಅದು ಯಾಕೆ ಕೆಲಸ ಮಾಡುತ್ತದೆ ಎಂದು ನನಗೂ ಗೊತ್ತಿಲ್ಲ, ಆದರೆ ಮಾಡುತ್ತದೆ.

ಆಟ ಹೀಗಿದೆ. ಪರದೆಯ ಮೇಲೆ ಒಂದು ಪ್ರಶ್ನೆ ಬರುತ್ತದೆ, ನಾಲ್ಕು ಮೂಲೆಯಲ್ಲಿ ನಾಲ್ಕು ಉತ್ತರ. ಭಾಷೆ ಹಿಂದಿ, ಅಕ್ಷರ ಇಂಗ್ಲಿಷು. ನಿನಗೆ ಓದಲು ಬರುವುದಿಲ್ಲ, ಆದರೆ ದಾಜಿಗೆ ಬರುತ್ತಿತ್ತು. ಬಾಣದ ಗುಂಡಿಯಿಂದ ಬೇಕಾದ ಮೂಲೆಗೆ ಹೋಗಿ ಕೆಂಪು ಗುಂಡಿ ಒತ್ತಬೇಕು. ಸರಿಯಾದರೆ ಪೇಟಾ ಸುತ್ತಿದ ಒಬ್ಬ ಸಣ್ಣ ಮನುಷ್ಯ ಒಂದು ಮೆಟ್ಟಿಲು ಹತ್ತುತ್ತಾನೆ. ತಪ್ಪಾದರೆ ಧೊಪ್ಪನೆ ಕೆಳಗೆ ಬೀಳುತ್ತಾನೆ, ಆಟ ಮುಗಿಯಿತು. ಹತ್ತು ಮೆಟ್ಟಿಲು ಹತ್ತಿದರೆ ಸಿಂಹಾಸನ.

ರಿಮೋಟಿನ ಕೆಂಪು ಗುಂಡಿ ಬಲಗಡೆ ಇತ್ತು. ಅದನ್ನು ಬಿಚ್ಚಿ ಎಡಗಡೆ ಬಾಣದ ಪಕ್ಕದಲ್ಲೇ ಕೂರಿಸಿದ್ದೇನೆ. ಎಡಗೈ ಹೆಬ್ಬೆರಳು ಒಂದೇ ಸಾಕು.

ಏನಾಯಿತು ಎಂದು ಬರೆ. ಏನಾದರೂ ಬರೆ.

ಸಿದ್ದು

ಮೈಂದರ್ಗಿ
19 ಡಿಸೆಂಬರ್ 2024

ತಮ್ಮ ಸಿದ್ದು,

ಬಾಯಿ ಸಿಹಿ ಮಾಡಿಕೊಂಡು ಓದು. ನಿನ್ನ ದಾಜಿ ಸಿಂಹಾಸನ ಹತ್ತಿದರು! ಹತ್ತೂ ಮೆಟ್ಟಿಲು! ಪೇಟಾದ ಮನುಷ್ಯ ಸಿಂಹಾಸನದ ಮೇಲೆ ಕೂತ, ಟಿವಿಯಲ್ಲಿ ಕಹಳೆ ಊದಿತು, ಹೂವು ಉದುರಿದವು. ಇವರು ನೋಡಿ ನಕ್ಕರು. ನಾನು ಸೋಮೇಶನಿಗೆ ಹೇಳುವವಳಿದ್ದೇನೆ, ಇದಕ್ಕಿಂತ ಹೆಚ್ಚಿನ ಪುರಾವೆ ಏನು ಬೇಕು ಎಂದು ಕೇಳುವವಳಿದ್ದೇನೆ. ಅದಕ್ಕೂ ಮೊದಲು ನಿನಗೆ ಬರೆದೆ.

ಇನ್ನೊಂದು ಮಾತು. ಡಬ್ಬಿ ಸುತ್ತಿದ ಪೇಪರು ನವೆಂಬರ್ ತಿಂಗಳದ್ದು. ರಿಪೇರಿ ಮುಗಿಸಿ ಪೇಪರು ಸುತ್ತಿಟ್ಟ ಮೇಲೆ ಅದು ಅಷ್ಟು ದಿನ ನಿನ್ನ ಅಂಗಡಿಯಲ್ಲಿ ಏನು ಮಾಡುತ್ತಿತ್ತು? ವಯರು ಸಿಗಲಿಲ್ಲ ಎಂದು ಅಕ್ಕನಿಗೇ ಟೋಪಿ ಹಾಕುತ್ತೀಯಾ?

ನಿನ್ನ ಅಕ್ಕ

ಸೋಲಾಪುರ
22 ಡಿಸೆಂಬರ್ 2024

ಅಕ್ಕಾ,

ಪೇಪರಿನ ತಾರೀಖು ನೋಡುವ ಅಕ್ಕ ಇದ್ದಮೇಲೆ ಸುಳ್ಳು ಹೇಳುವುದು ಕಷ್ಟ. ಹೌದು, ಎರಡೇ ದಿನದಲ್ಲಿ ರಿಪೇರಿ ಆಗಿತ್ತು. ಕಳಿಸಲು ಧೈರ್ಯ ಆಗಲಿಲ್ಲ. ದವಾಖಾನೆಯಲ್ಲಿ ಡಾಕ್ಟರು ನನ್ನನ್ನೂ ಸೋಮೇಶನನ್ನೂ ಕರೆದು, ತಿಳಿವಳಿಕೆ ಎಷ್ಟು ಉಳಿದಿದೆ ಎಂದು ಹೇಳಲಾಗದು, ಮನೆಯವರಿಗೆ ಹೆಚ್ಚಿನ ಆಶೆ ಹುಟ್ಟಿಸಬೇಡಿ ಎಂದಿದ್ದರು. ಆಟದಲ್ಲಿ ದಾಜಿ ಸೋತರೆ ನೀನು ಆ ಒಂದು ಕೋಣೆಯಲ್ಲಿ ಅವರ ಎದುರಿಗೆ ಹೇಗೆ ಕೂರುತ್ತೀ ಎಂದು ನನಗೆ ದಿಗಿಲಾಗಿತ್ತು.

ಈಗ ನಾನು ಒಂದು ಕೇಳುತ್ತೇನೆ, ಸಿಟ್ಟು ಮಾಡಬೇಡ. ಗುಂಡಿ ಯಾರು ಒತ್ತಿದರು?

ನಾಲ್ಕನೆಯ ಮೆಟ್ಟಿಲಿನ ಪ್ರಶ್ನೆ ನೆನಪು ಮಾಡಿಕೋ. ಪರದೆಯ ನಡುವೆ ಡೊಂಕಾದ ನೀಲಿ ಗೆರೆ ಇರುತ್ತದೆ. ಅಲ್ಲಿ ಯಾವ ಮೂಲೆ ಒತ್ತಿದರು? ಯಾಕೆ ಕೇಳುತ್ತಿದ್ದೇನೆ ಎಂದು ಈಗ ಹೇಳುವುದಿಲ್ಲ. ಹೇಳಿದರೆ ನೀನು ನನಗೆ ಬೇಕಾದ ಉತ್ತರವನ್ನೇ ಬರೆಯುತ್ತೀ. ಸೋಮೇಶನಿಗೆ ಇನ್ನೂ ಏನೂ ಹೇಳಬೇಡ.

ಸಿದ್ದು

ಮೈಂದರ್ಗಿ
27 ಡಿಸೆಂಬರ್ 2024

ಸಿದ್ಧೇಶ್ವರನಿಗೆ,

ನಿನ್ನ ಕಾಗದ ಓದಿ ಎರಡು ದಿನ ಬರೆಯಬಾರದು ಎಂದೇ ಇದ್ದೆ. ಅಕ್ಕನನ್ನು ಪೊಲೀಸರ ಹಾಗೆ ಕೇಳುತ್ತೀಯಲ್ಲ.

ನಾನೇ ಒತ್ತಿದೆ. ಸಾಕೇ? ಇವರ ಕೈಯ ಮೇಲೆ ನನ್ನ ಕೈ ಇಟ್ಟು ನಾನು ಒತ್ತಿದೆ. ಓದಲು ಬರದಿದ್ದರೂ ತಪ್ಪಿದಾಗಲೆಲ್ಲ ಮತ್ತೆ ಮೊದಲಿನಿಂದ ಆಡಿ, ಯಾವುದಕ್ಕೆ ಯಾವ ಮೂಲೆ ಎಂದು ಬ್ಲೌಜಿನ ಕಟಿಂಗ್ ಕಲಿತ ಹಾಗೆ ಕಲಿತುಬಿಟ್ಟೆ. ಸಿಂಹಾಸನ ಹತ್ತಿದ್ದು ನಾನು. ಇವರು ನಕ್ಕದ್ದು ಮಾತ್ರ ಖರೆ.

ಇವರು ತಾವೇ ಆಡಿದರೆ ಏನಾಗುತ್ತದೆ ಎಂದು ಕೇಳು. ಮೊದಲನೇ ಮೆಟ್ಟಿಲು ಹತ್ತುತ್ತಾರೆ. ಎರಡನೆಯದು, ಮೂರನೆಯದು ಹತ್ತುತ್ತಾರೆ. ಒಂದಕ್ಕೆ ಮೇಲಿನ ಮೂಲೆ, ಒಂದಕ್ಕೆ ಕೆಳಗಿನದು, ಪ್ರತಿಸಲ ಸರಿ. ನನ್ನ ಎದೆ ಹಿಗ್ಗುತ್ತದೆ. ಅಷ್ಟರಲ್ಲಿ ನಿನ್ನ ಆ ನೀಲಿ ಗೆರೆ ಬರುತ್ತದೆ. ಎಡಗಡೆ ಕೆಳಗಿನ ಮೂಲೆಗೆ ಹೋಗಿ ಒತ್ತುತ್ತಾರೆ, ಪೇಟಾದವನು ಧೊಪ್ಪನೆ ಬೀಳುತ್ತಾನೆ. ಮತ್ತೆ ಆಡಿಸಿದರೆ ಮತ್ತೆ ಅಲ್ಲೇ. ನಾನು ಬಾಣವನ್ನು ಬಲಕ್ಕೆ ಸರಿಸಿ "ಇದ ಒತ್ರಿ, ಇದ ಬರೋಬ್ಬರಿ ಅದ" ಎಂದರೂ ನನ್ನ ಕೈಯನ್ನು ತಳ್ಳಿ ಎಡಕ್ಕೇ ಹೋಗುತ್ತಾರೆ. ಹತ್ತು ಸಲ ಬಿದ್ದ ಜಾಗದಲ್ಲೇ ಹನ್ನೊಂದನೇ ಸಲ ಬೀಳುವವರಿಗೆ ತಿಳಿವಳಿಕೆ ಇದೆ ಎಂದು ಹೇಗೆ ಅನ್ನಲಿ? ಕಲಿಯುವ ತಲೆಯೇ ಹೋಗಿದೆ ಎಂದು ತಿಳಿದುಕೊಂಡೆ. ನಿನ್ನ ಡಾಕ್ಟರು ಹೇಳಿದ್ದೂ ಅದನ್ನೇ.

ಲಗ್ನಪತ್ರಿಕೆ ಛಾಪಿಸು ಎಂದು ಸೋಮೇಶನಿಗೆ ಹೇಳುತ್ತೇನೆ. ಆಟ ವಾಪಸು ಕಳಿಸುತ್ತೇನೆ. ಸಂಜೆಯಾದರೆ ಇವರು ಟಿವಿಯನ್ನೂ ನನ್ನನ್ನೂ ನೋಡುತ್ತಾರೆ, ಆಡಿಸು ಎಂಬ ಹಾಗೆ. ಆಡಿಸಲು ನನಗೆ ಮನಸ್ಸು ಬರುತ್ತಿಲ್ಲ.

ನೀಲಗಂಗಾ

ಸೋಲಾಪುರ
28 ಡಿಸೆಂಬರ್ 2024

ಅಕ್ಕಾ ಅಕ್ಕಾ ಅಕ್ಕಾ,

ಏನೂ ಛಾಪಿಸಬೇಡ! ಬಸ್‌ಸ್ಟ್ಯಾಂಡಿನ ಕಟ್ಟೆಯ ಮೇಲೆ ಕೂತು ಬರೆಯುತ್ತಿದ್ದೇನೆ, ಸಾತಲಿಂಗಪ್ಪ ಅಣ್ಣ "ಗಾಡಿ ಬಿಡತೀನಿ ನೋಡಪಾ, ಲಗೂ ಬರಿ" ಎಂದು ತಲೆಯ ಮೇಲೆಯೇ ನಿಂತಿದ್ದಾನೆ.

ಆ ಪ್ರಶ್ನೆ ಏನು ಗೊತ್ತೇ? 'ಭೀಮಾ ನದಿ ಯಾವ ನದಿಯನ್ನು ಕೂಡುತ್ತದೆ?' ಎಡಗಡೆ ಕೆಳಗಿನ ಮೂಲೆಯಲ್ಲಿ ಇರುವುದು ಕೃಷ್ಣಾ. ಬಲಗಡೆ ನೀನು ಒತ್ತಿ ಗೆದ್ದದ್ದು ಗೋದಾವರಿ. ಕ್ಯಾಸೆಟ್ ತಪ್ಪು ಅಕ್ಕಾ! ಎಲ್ಲಿಯೋ ಕೂತು ಟಿವಿಯ ಆಟವನ್ನು ಕ್ಯಾಸೆಟ್ಟಿಗೆ ಇಳಿಸಿದ ಪುಣ್ಯಾತ್ಮನಿಗೆ ನಮ್ಮ ಭೀಮೆ ಎತ್ತ ಹರಿಯುತ್ತಾಳೆ ಎಂದು ಗೊತ್ತಿರಲಿಲ್ಲ.

ದಾಜಿ ಆಗಲೂ ಅಲ್ಲಿಯೇ ಬೀಳುತ್ತಿದ್ದರು. ನಾನು ಎಷ್ಟು ಸಲ ಹೇಳಿದ್ದೆ, "ದಾಜಿ, ಗೋದಾವರಿ ಒತ್ರಿ, ಮುಂದ ಹೋಗ್ತೀರಿ." ಅವರು ಕೇಳಬೇಕಲ್ಲ. "ಲೇ ಸಿದ್ದು, ವಿಜಾಪುರ ಗಾಡ್ಯಾಗ ದಿನಾ ಭೀಮಿ ದಾಟೂ ಮನಶ್ಯಾ ನಾನು. ನನ್ನ ಕೈಲಿ ಆಕೀನ ಗೋದಾವರಿಗಿ ಕಳಸ್ತೀಯೇನು? ಬಿದ್ರ ಬೀಳ್ತೀನಿ, ಹೋಗ" ಎನ್ನುತ್ತಿದ್ದರು. ಆಮೇಲೆ ಕಂಪನಿಗೆ ತಕರಾರು ಬರೆಯುತ್ತೇನೆ ಎಂದು ಡಬ್ಬಿಯ ಮೇಲೆಲ್ಲ ವಿಳಾಸ ಹುಡುಕಿದರು. ಯಾವ ವಿಳಾಸವೂ ಇರಲಿಲ್ಲ.

ನೀನು ಸಿಂಹಾಸನ ಹತ್ತಿದರು ಎಂದು ಬರೆದಾಗ ನನ್ನ ಎದೆ ಧಸಕ್ಕೆಂದಿತು, ಯಾಕೆಂದರೆ ನಮ್ಮ ದಾಜಿ ಆ ಸಿಂಹಾಸನ ಹತ್ತುವ ಮನುಷ್ಯ ಅಲ್ಲ. ಗೆದ್ದಿದ್ದರೆ ಅವರು ಹೋದರು ಎಂದೇ ಅರ್ಥ. ಅವರು ಬಿದ್ದರು ಅಕ್ಕಾ, ಪ್ರತಿಸಲ ತಿಳಿದೇ ಬಿದ್ದರು. ಅವರು ಒಳಗೆ ಇದ್ದಾರೆ. ಮೊದಲಿನ ಹಟವೂ ಜೊತೆಗೆ ಇದೆ.

ಗಾಡಿ ಹಾರ್ನ್ ಹೊಡೆಯುತ್ತಿದೆ. ಇವತ್ತು ಸಂಜೆ ಆಡಿಸು.

ಸಿದ್ದು

ಮೈಂದರ್ಗಿ
15 ಜನವರಿ 2025

ತಮ್ಮ ಸಿದ್ದು,

ಸಂಕ್ರಾಂತಿಯ ಎಳ್ಳುಹೋಳಿಗೆ ಡಬ್ಬಿಯಲ್ಲಿ ಹಾಕಿದ್ದೇನೆ, ಸಾತಲಿಂಗಪ್ಪ ಅಣ್ಣನಿಗೂ ಎರಡು ಕೊಡು.

ನಿನ್ನ ಕಾಗದ ಬಂದ ದಿನ ನಾನು ಏನು ಮಾಡಿದೆ ಗೊತ್ತೇ? ಇವರ ಮುಂದೆ ನೆಲದ ಮೇಲೆ ಕೂತು ಗಟ್ಟಿಯಾಗಿ ಓದಿದೆ. ಗೋದಾವರಿ ಬಂದಲ್ಲಿ ಇವರ ಹೊಟ್ಟೆ ಕುಲುಕಾಡಿತು, ಕಣ್ಣಿನಿಂದ ನೀರು ಇಳಿಯಿತು. ನಕ್ಕರೋ ಅತ್ತರೋ, ಎರಡೂ ಕೂಡಿಯೇ ಬಂದವು. ಇಷ್ಟು ದಿನ ಇವರ ಬೆನ್ನ ಹಿಂದೆ ಇವರ ವಿಷಯ ಬರೆದದ್ದಕ್ಕೆ ನನಗೆ ನಾಚಿಕೆಯಾಯಿತು.

ಈಗ ಮನೆಯಲ್ಲಿ ಬೇಕೋ ಬ್ಯಾಡೋ ಎಂದು ಕೇಳುವುದನ್ನೇ ಬಿಟ್ಟಿದ್ದೇನೆ. ಅದಕ್ಕೆ ಹ್ಞೂಂ ಬಿಟ್ಟು ಬೇರೇನೂ ಬರುವುದಿಲ್ಲ, ಅದು ಅವರ ನಾಲಿಗೆಯ ತಪ್ಪು, ತಲೆಯದಲ್ಲ. ಊಟಕ್ಕೆ ಮೊದಲು ತಾಟಿನಲ್ಲಿ ನಾಲ್ಕು ಸಾಮಾನು ಇಡುತ್ತೇನೆ: ಒಂದು ಬದನೆಕಾಯಿ, ಒಂದು ಮುಷ್ಟಿ ಬೇಳೆ, ಮೆಂತ್ಯದ ಸೂಡು, ಶೇಂಗಾ. ಇವರು ಬೆರಳು ಇಟ್ಟದ್ದನ್ನೇ ಮಾಡುತ್ತೇನೆ. ಮೊದಲನೇ ದಿನ ಶೇಂಗಾ ತೋರಿಸಿದರು. ಇಷ್ಟು ದಿನ ನಾನು ಒತ್ತಾಯದಿಂದ ಗಂಜಿ ತಿನ್ನಿಸುತ್ತಿದ್ದ ಮನುಷ್ಯನಿಗೆ ಬೇಕಾದದ್ದು ಖಾರ ಹಾಕಿ ಕುಟ್ಟಿದ ಶೇಂಗಾ ಹಿಂಡಿ, ರೊಟ್ಟಿ.

ಆದರೆ ಸಿದ್ದು, ಕೆಲಸ ಇನ್ನೂ ಆಗಿಲ್ಲ. ಸೋಮೇಶ ಬಂದಾಗ ಇವರ ಕೈಲೇ ಆಟ ಆಡಿಸಿ, ಭೀಮೆಯ ಕಥೆ ಹೇಳಿದೆ. ಅವನು ಮೊದಲು ನಂಬಲಿಲ್ಲ, ಇನ್ನೊಂದು ಸಲ ಆಡಿಸಿ ನೋಡಿದ. ಹೋಗುವಾಗ ಹೊಸ್ತಿಲಲ್ಲಿ ನಿಂತು, "ಅಣ್ಣಗ ತಿಳೀತದಂದ್ರ ನನಗ ಖುಷಿನ ವೈನಿ. ಆದ್ರ ಧಾರಿ ಎಡಗೈಲೆ ಎರೀತಾರೇನು? ಹುಡುಗನ ಕಡ್ಯಾವ್ರು ಏನಂದಾರು? ಲಗ್ನಾ ಮಾಡ್ಸೂ ಅಯ್ನೋರು ಒಪ್ಪೂದಿಲ್ಲ. ಬಲಗೈ ಏಳವಲ್ಲದು, ನಾ ಏನ್ ಮಾಡ್ಲಿ ಹೇಳ್ರಿ" ಎಂದ. ಅವನ ಮಾತಿನಲ್ಲಿ ಕೆಟ್ಟತನ ಇರಲಿಲ್ಲ. ಒಳಗೆ ಇದ್ದಾರೆ ಎಂದು ಗೊತ್ತಾದ ಮೇಲೆ ಕುರ್ಚಿಯಲ್ಲಿ ಕೂರಿಸುವುದು ಇನ್ನೂ ಕಷ್ಟವಾಗಿದೆ.

ನೀನು ಏನು ಹೇಳುತ್ತೀ?

ಅಕ್ಕ

ಸೋಲಾಪುರ
18 ಜನವರಿ 2025

ಅಕ್ಕಾ,

ಹೋಳಿಗೆ ಮುಗಿದವು, ಸಾತಲಿಂಗಪ್ಪ ಅಣ್ಣ ಎರಡಲ್ಲ, ನಾಲ್ಕು ತಿಂದ.

ನಾನು ಏನು ಹೇಳುತ್ತೇನೆ ಎಂದು ಕೇಳಿದ್ದೀ. ಸೋಮೇಶ ಹೇಳಿದ, ಅಯ್ಯನವರು ಹೇಳುವವರಿದ್ದಾರೆ, ಈಗ ನಾನೂ ಹೇಳಬೇಕೇ? ಬದನೆಕಾಯಿಯೋ ಶೇಂಗಾವೋ ಎಂದು ಕೇಳುತ್ತೀ, ಮಗಳ ಧಾರೆಯ ವಿಷಯ ಮಾತ್ರ ದಾಜಿಯನ್ನು ಕೇಳಿಯೇ ಇಲ್ಲವಲ್ಲ. ಅವರನ್ನೇ ಕೇಳು. ಸೋದರಮಾವ ನಾನೂ ಇದ್ದೇನೆ, ನನ್ನ ಹೆಸರನ್ನೂ ಒಂದು ಮೂಲೆಯಲ್ಲಿ ಇಡು. ಅವರು ಯಾರನ್ನು ತೋರಿಸಿದರೂ ನಾವೆಲ್ಲ ಬಾಯಿ ಮುಚ್ಚಿಕೊಂಡು ಒಪ್ಪಬೇಕು. ನಿನಗೂ ಅದು ಅನ್ವಯ.

ಸಿದ್ದು

ಮೈಂದರ್ಗಿ
27 ಜನವರಿ 2025

ತಮ್ಮ ಸಿದ್ದು,

ಕೇಳಿದೆ. ಕೇಳಲು ನನಗೆ ಎಂಟು ದಿನ ಧೈರ್ಯ ಬರಲಿಲ್ಲ, ಅದು ಬೇರೆ ಮಾತು.

ಹೆಸರು ಬರೆಯುವುದಕ್ಕಿಂತ ಫೋಟೋ ಇಟ್ಟರೆ ಸರಳ ಎಂದು ಟ್ರಂಕು ತೆಗೆದೆ. ಇವರದು ಎಸ್‌ಟಿಯ ಪಾಸಿನ ಫೋಟೋ ಸಿಕ್ಕಿತು. ನಿನ್ನದು ನಿನ್ನ ಲಗ್ನದ್ದು, ಕಣ್ಣಿಗೆ ಕಪ್ಪು ಚಾಳೀಸು ಹಾಕಿಕೊಂಡು ನಿಂತಿದ್ದೀ, ಒಳಗೆ ಮಂಟಪದಲ್ಲಿ ಯಾತಕ್ಕೆ ಬೇಕಿತ್ತೋ. ಸೋಮೇಶನದು ಅವನ ಹುಟ್ಟುಹಬ್ಬಕ್ಕೆ ಗೆಳೆಯರು ಹಂಚಿದ 'ಭಾವೀ ನಗರಸೇವಕ' ಎಂಬ ಕರಪತ್ರದಿಂದ ಕತ್ತರಿಸಿದೆ. ಮೂರಾದವು. ನಾಲ್ಕನೇ ಮೂಲೆ ಖಾಲಿ ಉಳಿಯಿತು. ಬರೇ ತುಂಬಿಸಲಿಕ್ಕೆ ಎಂದು ನನ್ನ ಆಧಾರ್ ಕಾರ್ಡಿನ ಝೆರಾಕ್ಸ್ ಇಟ್ಟೆ. ಅದರಲ್ಲಿ ನಾನು ಕಳ್ಳಿಯ ಹಾಗೆ ಕಾಣುತ್ತೇನೆ.

ತಾಟನ್ನು ತೊಡೆಯ ಮೇಲೆ ಇಟ್ಟು ಕೇಳಿದೆ: "ನಮ್ಮ ಮಯೂರಿ ಧಾರಿ ಯಾರು ಎರೀಬೇಕ್ರಿ?"

ಇವರು ಬಹಳ ಹೊತ್ತು ನೋಡಿದರು. ಸೋಮೇಶನ ಫೋಟೋದ ಮೇಲೆ ಬೆರಳು ಆಡಿಸಿದರು, ಪ್ರೀತಿಯಿಂದಲೇ ಆಡಿಸಿದರು. ಆಮೇಲೆ ಆಧಾರ್ ಕಾರ್ಡಿನ ಮೇಲೆ ಕೈ ಇಟ್ಟರು.

"ಅದು ನಾಲ್ಕನೇದು ತುಂಬ್ಲಿಕ್ಕ ಇಟ್ಟದ್ದರಿ" ಎಂದೆ. ಫೋಟೋಗಳನ್ನು ಅದಲುಬದಲು ಮಾಡಿದೆ. ಮತ್ತೆ ನನ್ನದರ ಮೇಲೆಯೇ ಕೈ.

ನನ್ನ ಜೀವ ಕೈಗೆ ಬಂತು ಸಿದ್ದು. ಗಂಡ ಇದ್ದೂ ಹೆಂಡತಿ ಒಬ್ಬಳೇ ಧಾರೆಗೆ ನಿಂತರೆ ಮಂದಿ ಏನು ತಿಳಿಯುತ್ತಾರೆ? ಇವರು ತಮ್ಮನ್ನು ತಾವೇ ಲೆಕ್ಕದಿಂದ ತೆಗೆದುಬಿಟ್ಟರೇ? ಇಷ್ಟು ತಿಂಗಳು ಇವರ ಎದುರಿಗೆ ಒಂದು ಹನಿ ಕಣ್ಣೀರು ಹಾಕಿರಲಿಲ್ಲ, ಅವತ್ತು ತಡೆಯಲಾಗಲಿಲ್ಲ. "ನೀವು ಇಲ್ಲಂತ ತಿಳಕೊಂಡೀರೇನು? ನೀವು ಕುಂತಿರಬೇಕಾದ್ರ ನಾ ಒಬ್ಬಾಕಿ ಹ್ಯಾಂಗ ನಿಂದರ್ಲಿ?" ಎಂದು ಅತ್ತೆ.

"ಹ್ಞೂಂ!" ಎಂದರು. ಚಿಲ್ಲರೆ ಇಲ್ಲದೆ ಗಾಡಿ ಹತ್ತಿದವರ ಮೇಲೆ ಹಾಯುತ್ತಿದ್ದರಲ್ಲ, ಆ ದನಿ. ನನ್ನ ಫೋಟೋದ ಪಕ್ಕಕ್ಕೆ ತಮ್ಮ ಪಾಸನ್ನು ಎಳೆದರು. ನಾನು ಮೂಗು ಒರೆಸಿಕೊಳ್ಳುತ್ತ "ಎರಡು ಉತ್ತರ ಕೊಡೂಹಂಗಿಲ್ರಿ" ಎಂದೆ. ಅವರು ತಾಟನ್ನೇ ಬದಿಗೆ ತಳ್ಳಿದರು. ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ ನನ್ನ ಮಡಿಲಲ್ಲಿ ಇಟ್ಟರು. ಆಮೇಲೆ ನನ್ನ ಬಲಗೈ ಹಿಡಿದು ಎಳೆದು ಅದರ ಮೇಲೆ ಇಟ್ಟು, ನನ್ನ ಬೆರಳುಗಳನ್ನು ಒಂದೊಂದಾಗಿ ಮಡಚಿ, ಅವರ ಬೆರಳುಗಳನ್ನು ಹಿಡಿಸಿದರು. ಇಬ್ಬರ ಕೈಯನ್ನೂ ಕೂಡಿಸಿ ಮೇಲೆತ್ತಿ, ನೀರು ಬಿಡುವ ಹಾಗೆ ಬಗ್ಗಿಸಿ ತೋರಿಸಿದರು.

ಧಾರೆಗೆ ಬೇಕಾದದ್ದು ಬಲಗೈ. ಅವರ ಬಲಗೈ ಎಲ್ಲಿಗೂ ಹೋಗಿಲ್ಲ, ಎತ್ತುವವರು ಬೇಕು ಅಷ್ಟೇ. ಸೋಮೇಶ ಹೊಸ್ತಿಲಲ್ಲಿ ನಿಂತು ಹೇಳಿದ್ದನ್ನೆಲ್ಲ ಕೇಳಿಸಿಕೊಂಡು, ಮಲಗಿದಲ್ಲೇ ಉತ್ತರ ಹುಡುಕಿ ಇಟ್ಟುಕೊಂಡಿದ್ದರು ಸಿದ್ದು. ನಾವು ಯಾರೂ ಕೇಳಿರಲಿಲ್ಲ.

ಅಲ್ಲಿಯೇ, ಇವರ ಮುಂದೆಯೇ, ಸೋಮೇಶನಿಗೆ ಫೋನ್ ಹಚ್ಚಿದೆ. ಇದ್ದದ್ದು ಇದ್ದ ಹಾಗೆ ಹೇಳಿದೆ. ಮಂದಿ ಏನಾದರೂ ಅನ್ನಲಿ, ಅಯ್ಯನವರಿಗೆ ನಾನೇ ಕೈಮುಗಿದು ಹೇಳುತ್ತೇನೆ ಎಂದೆ. ಅವನು ವಾದ ಮಾಡುತ್ತಾನೆ ಎಂದು ಸೆರಗು ಬಿಗಿದು ಕೂತಿದ್ದೆ. ಆದರೆ "ವೈನಿ, ಅಣ್ಣನ ಕೈಯಾಗ ಫೋನ್ ಕೊಡ್ರಿ" ಎಂದ.

ಲಕ್ವಾ ಹೊಡೆದ ದಿನದಿಂದ ಇವರಿಗೆ ಫೋನ್ ಕೊಡು ಎಂದು ಯಾರೂ ಕೇಳಿರಲಿಲ್ಲ, ನೀನೂ ಕೇಳಿಲ್ಲ, ಹೆತ್ತ ಮಗಳೂ ಕೇಳಿಲ್ಲ. ಎಡಗೈಯಲ್ಲಿ ಹಿಡಿಸಿ ನಾನು ಒಲೆಯ ಕಡೆಗೆ ಹೋದೆ. ಅಣ್ಣ ತಮ್ಮಂದಿರ ಮಾತು, ನನಗೆ ಯಾತಕ್ಕೆ ಎಂದು ನೀರು ಬಿಟ್ಟು ಪಾತ್ರೆ ತೊಳೆದೆ. ಸೋಮೇಶ ಎಷ್ಟೋ ಹೊತ್ತು ಮಾತಾಡಿದ. ಇವರು ಕಿವಿಗೆ ಒತ್ತಿ ಹಿಡಿದು, ಕಣ್ಣು ಮುಚ್ಚಿ ಕೇಳಿದರು. ಕೊನೆಗೆ ಒಂದೇ ಸಲ ಹ್ಞೂಂ ಎಂದರು. ಇಷ್ಟು ತಿಂಗಳಲ್ಲಿ ನಾನು ಕೇಳಿದ ಹ್ಞೂಂಗಳಲ್ಲಿ ಹೌದು ಎಂಬ ಅರ್ಥ ಇದ್ದದ್ದು ಅದೊಂದಕ್ಕೆ.

ನಿನ್ನ ಅಕ್ಕ,
ನೀಲಗಂಗಾ